ಮನೆ ಹಿಂದಿನ ಗುಡ್ಡೆಯಲ್ಲಿ ಸೈಕಲ್ ದಾರಿ ಮಾಡಬಹುದಾ?

ಪ್ರಶ್ನೆ: ನಮ್ಮದು ಮಂಗಳೂರಿನ ಹೊರವಲಯ. ಮನೆಯ ಹಿಂದೆಯೇ ಗುಡ್ಡೆ. ಮೇಲೆ ಮುರಕಲ್ಲಿನ ಪದವು (ಕೆಂಪು ಕಲ್ಲಿನ ಚಪ್ಪಟೆ ಬಯಲು), ಇಳಿಜಾರಿನಲ್ಲಿ ಗೇರು, ಅಕೇಶಿಯಾ, ಸ್ವಲ್ಪ ಕಾಡು. ನಾನೂ ಮೂವರು ಗೆಳೆಯರೂ ಈ ವರ್ಷ ಮೌಂಟನ್ ಬೈಕ್ ತೆಗೆದುಕೊಂಡಿದ್ದೇವೆ. ಗುಡ್ಡೆಯ ನೆತ್ತಿಯಿಂದ ಕೆಳಗಿನ ಗದ್ದೆವರೆಗೆ ನಾವೇ ಒಂದು ದಾರಿ ಕಡಿಯಬೇಕು ಅಂತ ಆಸೆ. ಯಾರ ಅನುಮತಿ ಬೇಕು? ದಾರಿ ಹೇಗೆ ಮಾಡಬೇಕು? ಟಯರ್ ಪದೇ ಪದೇ ಪಂಕ್ಚರ್ ಆಗುತ್ತಿದೆ. ಎರಡು ಸಲ ಜಾರಿ ಬಿದ್ದದ್ದೂ ಆಯಿತು. ಏನು ಮಾಡಬಹುದು?

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಒಂದು ಗದ್ದೆ ನೆನಪಾಯಿತು. ಹದಿನೈದು ವರ್ಷ ಹಿಂದಿನ ಮಾತು. ಬಂಟ್ವಾಳದ ಕಡೆ ನನ್ನ ಮಾವನಿಗೆ ಗೇರಿನ ಗುಡ್ಡೆ ಇತ್ತು. ನಾವು ನಾಲ್ಕು ಜನ ಸೇರಿ ನೆತ್ತಿಯಿಂದ ಬುಡಕ್ಕೆ ನೆಟ್ಟಗೆ ಒಂದು ದಾರಿ ಕಡಿದೆವು. ಎರಡು ತಿಂಗಳು ಖುಷಿಯಿಂದ ಸೈಕಲ್ ಇಳಿಸಿದೆವು. ಜೂನ್ ಬಂತು. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಆ ದಾರಿ ಮೊಣಕಾಲಷ್ಟು ಆಳದ ಕಣಿ ಆಗಿತ್ತು. ಅಲ್ಲಿಂದ ಕೊಚ್ಚಿ ಬಂದ ಶೇಡಿ ಮಣ್ಣು ಕೆಳಗಿನ ಮನೆಯವರ ನೇಜಿಯ (ಭತ್ತದ ಸಸಿಯ) ಮೇಲೆ ಬೆಳ್ಳಗೆ ಹರಡಿತ್ತು. ಆ ಗದ್ದೆಯಲ್ಲಿ ಅವರಿಗೆ ಆ ವರ್ಷ ಬೆಳೆ ಸಿಗಲಿಲ್ಲ. ಅವರು ಬೈಯಲಿಲ್ಲ. ಮಾವನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದರು, ಅಷ್ಟೆ. ಅದಕ್ಕೇ ಈ ಉತ್ತರದಲ್ಲಿ ಸೈಕಲಿಗಿಂತ ನೀರಿನ ಮಾತೇ ಜಾಸ್ತಿ.

ಸದ್ಯಕ್ಕೆ ಪಿಕ್ಕಾಸು ಕೆಳಗಿಡಿ. ನಿಮಗೆ ಬೇಕಾದ ದಾರಿಯ ಮುಕ್ಕಾಲು ಪಾಲು ಆ ಗುಡ್ಡೆಯಲ್ಲಿ ಈಗಾಗಲೇ ಇರುವ ಸಾಧ್ಯತೆ ತುಂಬಾ ಇದೆ. ಅದನ್ನು ಹೇಗೆ ಹುಡುಕುವುದು ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಕಾಲಡಿಯ ಕಲ್ಲು ಎಂಥದು ಅಂತ ಗೊತ್ತಿರಬೇಕು.

ಮುರಕಲ್ಲು ಬೇರೆಲ್ಲಿಂದಲೋ ಬಂದ ಕಲ್ಲಲ್ಲ. ಅಡಿಯಲ್ಲಿರುವ ಕರಿಕಲ್ಲೇ ಲಕ್ಷಾಂತರ ವರ್ಷ ಮಳೆಗೂ ಸೆಕೆಗೂ ಸಿಕ್ಕಿ, ಇದ್ದಲ್ಲೇ ಶಿಥಿಲವಾಗಿ ಹೀಗಾದದ್ದು. ಮಳೆನೀರು ಸಿಲಿಕಾವನ್ನು ತೊಳೆದು ಒಯ್ಯುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಕಲ್ಲಿನ ಆ ಕೆಂಪು ಕಬ್ಬಿಣದ್ದೇ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಹೇಳುವ 'ಲೇಟರ್' ಅನ್ನುವ ಪದದಿಂದ ಬಂದದ್ದು ಅದು. ಕೋರೆಯಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುವ ಕಲ್ಲು ಇದು. ನಮ್ಮ ಮನೆಗಳೆಲ್ಲ ನಿಂತಿರುವುದು ಈ ಗುಣದ ಮೇಲೆಯೇ ಅಲ್ವಾ.

ಗುಡ್ಡೆಯಲ್ಲೂ ಆದದ್ದು ಇದೇ. ಬಿಸಿಲು ಮಳೆಗೆ ತೆರೆದುಕೊಂಡ ನೆತ್ತಿ ಗಟ್ಟಿಯಾಗಿ ಮುಚ್ಚಳದ ಹಾಗೆ ಕೂತಿದೆ. ಅದೇ ಪದವು. ಬಜ್ಪೆಯ ವಿಮಾನ ನಿಲ್ದಾಣವನ್ನು ನೋಡಿ. ಮೇಲೆ ಚಪ್ಪಟೆ, ಸುತ್ತ ಕಡಿದಾದ ಇಳಿಜಾರು. ಕೊಣಾಜೆ, ಮುಡಿಪು, ಮಣಿಪಾಲ ಎಲ್ಲ ಇದೇ ಜಾತಿಯ ನೆಲ. ಈ ಮುಚ್ಚಳದ ಕೆಳಗೆ ಮೆತ್ತಗಿನ ಕಲ್ಲು. ಅದರ ಕೆಳಗೆ ಶೇಡಿ ಮಣ್ಣು, ಬಿಳಿ, ಹಳದಿ, ಕೆಲವು ಕಡೆ ಗುಲಾಬಿ ಬಣ್ಣ. ಒಣಗಿದಾಗ ಅದು ಹಾರೆಗೂ ಜಗ್ಗುವುದಿಲ್ಲ. ನೀರು ಕುಡಿದರೆ ಹಿಟ್ಟಿನ ಹಾಗೆ ಕರಗುತ್ತದೆ. ಮಳೆಗಾಲದಲ್ಲಿ ಗುಡ್ಡೆ ಕಡಿದ ಜಾಗಗಳಲ್ಲಿ ಧರೆ ಕುಸಿದ ಸುದ್ದಿ ಬರುತ್ತದಲ್ಲ, ಹೆಚ್ಚಿನ ಕಡೆ ಹೀಗೆ ಶೇಡಿ ಬಯಲಾಗಿರುತ್ತದೆ.

ನಾವು ಅಂದು ಮಾಡಿದ ತಪ್ಪು ಇಷ್ಟೇ. ಮುಚ್ಚಳ ಒಡೆದು ಶೇಡಿಗೆ ನೀರು ಬಿಟ್ಟೆವು.

ಲೆಕ್ಕ ಹಾಕಿ ನೋಡಿ. ಮಂಗಳೂರಿಗೆ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಒಂದೇ ದಿನ 100 ಮಿಲಿಮೀಟರ್ ಬೀಳುವುದು ನಮಗೆ ಹೊಸತಲ್ಲ. ಒಂದು ಮೀಟರ್ ಅಗಲ, ನೂರು ಮೀಟರ್ ಉದ್ದದ ದಾರಿ ಇದೆ ಅಂದುಕೊಳ್ಳಿ. ಅಂಥ ದಿನ ಆ ದಾರಿಯ ಮೇಲೆ ನೇರವಾಗಿ ಬೀಳುವ ನೀರೇ 10,000 ಲೀಟರ್. ಅಕ್ಕಪಕ್ಕದ ಇಳಿಜಾರಿನಿಂದ ಹರಿದು ಬಂದು ಸೇರುವುದು ಬೇರೆ. ದಾರಿ ನೆಟ್ಟಗಿದ್ದರೆ ಅಷ್ಟು ನೀರೂ ಅದರಲ್ಲೇ ಓಡುತ್ತದೆ. ಓಡಿದಷ್ಟು ವೇಗ, ವೇಗದಷ್ಟು ಕೊರೆತ.

ಈಗ ಹಳೆ ದಾರಿಯ ವಿಷಯ. ನಮ್ಮ ಗುಡ್ಡೆಗಳಲ್ಲಿ ಜನ ಓಡಾಡಿದ್ದು ಸುಮ್ನೆ ಅಲ್ಲ. ಸೊಪ್ಪಿಗೆ, ಕಟ್ಟಿಗೆಗೆ, ಮುಳಿಹುಲ್ಲಿಗೆ, ದನ ಮೇಯಿಸುವುದಕ್ಕೆ, ಆಚೆ ಬೈಲಿನ ನೆಂಟರ ಮನೆಗೆ. ಹೆಚ್ಚಿನವರ ತಲೆಯ ಮೇಲೆ ಹೊರೆ. ತಲೆಹೊರೆ ಹೊತ್ತವರು ಕಡಿದಾದ ಕಡೆ ನೆಟ್ಟಗೆ ಇಳಿಯುವುದಿಲ್ಲ. ಗುಡ್ಡೆಯ ಪಕ್ಕೆ ಹಿಡಿದು ಓರೆಯಾಗಿ ನಡೆಯುತ್ತಾರೆ. ಎಲ್ಲಿ ಕಲ್ಲು ಗಟ್ಟಿಯೋ ಅಲ್ಲಿ ತಿರುಗುತ್ತಾರೆ. ಹಾಗೆ ಬಿದ್ದ ಕಾಲುದಾರಿಗಳು ಐವತ್ತು ಅರವತ್ತು ಮಳೆಗಾಲ ಕಳೆದರೂ ಕೊಚ್ಚಿ ಹೋಗದೆ ಉಳಿದಿವೆ.

ಹೊರದೇಶಗಳಲ್ಲಿ ಮೌಂಟನ್ ಬೈಕ್ ದಾರಿ ಮಾಡುವವರು ಪಾಲಿಸುವ ಒಂದು ನಿಯಮ ಇದೆ. ಅಂತಾರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ, ಅಂದರೆ 1988ರಲ್ಲಿ ಶುರುವಾದ ಇಂಬಾ, ಇದನ್ನು ಎಲ್ಲ ಕಡೆ ಕಲಿಸಿತು. ಅರ್ಧದ ನಿಯಮ ಅಂತ ಹೆಸರು. ದಾರಿಯ ಇಳಿತ ಆ ಗುಡ್ಡೆಯ ಇಳಿತದ ಅರ್ಧಕ್ಕಿಂತ ಜಾಸ್ತಿ ಇರಬಾರದು. ಗುಡ್ಡೆಯ ಪಕ್ಕೆ 30 ಶೇಕಡಾ ಇಳಿಜಾರಾದರೆ ದಾರಿ 15 ದಾಟಬಾರದು. ಒಟ್ಟು ದಾರಿಯ ಸರಾಸರಿ 10 ಶೇಕಡಾದ ಒಳಗಿರಬೇಕು. ಅಂದರೆ ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ನಾನು ಒಂದು ಸಲ ಉಡುಪಿ ಕಡೆಯ ಹಳೆಯ ಸೊಪ್ಪಿನ ದಾರಿಯೊಂದನ್ನು ಅಳೆದು ನೋಡಿದೆ. ಹೆಚ್ಚಿನ ಕಡೆ ಏಳೆಂಟು ಶೇಕಡಾ ಬಂತು. ಆ ದಾರಿ ಮಾಡಿದ ಹೆಂಗಸರಿಗೆ ಯಾವ ನಿಯಮವನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಆ ದಿನ ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಆದ್ದರಿಂದ ಮೊದಲು ಊರಿನ ಹಿರಿಯರನ್ನು ಕೇಳಿ. "ಅಜ್ಜೀ, ನೀವು ಮೊದಲು ಸೊಪ್ಪಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದದ್ದು?" ಈ ಒಂದು ಪ್ರಶ್ನೆ ಸಾಕು. ಗ್ಯಾಸ್ ಬಂದ ಮೇಲೆ ಆ ದಾರಿಗಳಲ್ಲಿ ಓಡಾಟ ನಿಂತು, ಪೊದೆ ಮುಚ್ಚಿರುತ್ತದೆ. ಕೆಳಗೆ ನೆಲ ಇನ್ನೂ ಗಟ್ಟಿ ಇರುತ್ತದೆ. ತಡಮೆ (ಬೇಲಿ ದಾಟುವ ಮೆಟ್ಟು) ಇದ್ದ ಜಾಗ, ಕಲ್ಲಿನಲ್ಲಿ ಕಡಿದ ಮೆಟ್ಟಿಲು, ಎರಡು ಕಡೆ ಮುರಕಲ್ಲಿನ ಗೋಡೆ ಇರುವ ಓಣಿ, ಇವು ಸಿಕ್ಕಿದರೆ ನೀವು ಸರಿಯಾದ ದಾರಿಯಲ್ಲಿ ಇದ್ದೀರಿ. ಕತ್ತಿಯಲ್ಲಿ ಪೊದೆ ಸವರಿದರೆ ಮುಗಿಯಿತು. ನೆಲಕ್ಕೆ ಕೈ ಹಾಕಬೇಕಾಗಿಯೇ ಇಲ್ಲ. ಕೇಪಳ, ಕುಂಟಾಲ, ನೆಲ್ಲಿ ಗಿಡಗಳನ್ನು ಬುಡದಿಂದ ಕಡಿಯಬೇಡಿ. ಅಡ್ಡ ಬಂದ ಗೆಲ್ಲು ಮಾತ್ರ ತೆಗೆಯಿರಿ. ಮಣ್ಣು ಹಿಡಿದಿರುವುದು ಆ ಬೇರುಗಳೇ.

ಎಲ್ಲೋ ಒಂದೆರಡು ಕಡೆ ಹಳೆ ದಾರಿ ತುಂಡಾಗಿ, ಹೊಸದಾಗಿ ಜೋಡಿಸಬೇಕಾಗಬಹುದು. ಅಲ್ಲಿ ಹೀಗೆ ಮಾಡಿ. ಗಾರೆ ಕೆಲಸದವರು ಮಟ್ಟ ನೋಡುವುದಕ್ಕೆ ನೀರು ತುಂಬಿದ ಪಾರದರ್ಶಕ ಪೈಪ್ ಇಟ್ಟುಕೊಂಡಿರುತ್ತಾರೆ. ಅದನ್ನು ಕೇಳಿ ತನ್ನಿ. ಎರಡು ಕೋಲಿಗೆ ಕಟ್ಟಿ, ಹತ್ತು ಮೀಟರಿಗೆ ಎಷ್ಟು ಇಳಿಯುತ್ತದೆ ಅಂತ ನೋಡುತ್ತಾ ಗುರುತು ಹಾಕಿ. ಪುಸ್ತಕದ ಮಿತಿ 10 ಆದರೂ ನಮ್ಮ ಮಳೆಗೆ 7-8 ಶೇಕಡಾ ಒಳ್ಳೆಯದು ಅಂತ ನನ್ನ ಅನುಭವ. ದಾರಿಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ತಗ್ಗಿರಲಿ. ಒಂದು ಮೀಟರ್ ಅಗಲಕ್ಕೆ ಐದು ಸೆಂಟಿಮೀಟರ್ ಸಾಕು. ಆಗ ನೀರು ದಾರಿಯುದ್ದಕ್ಕೆ ಓಡದೆ, ಅಡ್ಡಕ್ಕೆ ಹಾದು ಕೆಳಗಿನ ತರಗೆಲೆಯಲ್ಲಿ ಇಂಗುತ್ತದೆ. ಹತ್ತು ಹದಿನೈದು ಮೀಟರಿಗೊಮ್ಮೆ ದಾರಿ ಸ್ವಲ್ಪ ಏರಿ ಮತ್ತೆ ಇಳಿಯಲಿ. ಆ ಸಣ್ಣ ತಗ್ಗಿನಲ್ಲಿ ನೀರು ಹೊರಗೆ ಬೀಳುತ್ತದೆ. ಸೈಕಲ್ ಓಡಿಸುವಾಗ ಇಡೀ ದಾರಿಯಲ್ಲಿ ಜಾಸ್ತಿ ಮಜಾ ಕೊಡುವುದೂ ಇಂಥ ಏರಿಳಿತಗಳೇ. ತಿರುವಿನಲ್ಲಿ ಬ್ರೇಕ್ ಬೀಳುವ ಜಾಗಕ್ಕೆ ಗಟ್ಟಿ ಮುರಕಲ್ಲಿನ ತುಂಡುಗಳನ್ನು ನಿಲ್ಲಿಸಿ ಹೂಳಿ. ಮಲಗಿಸಿಟ್ಟರೆ ಎರಡು ತಿಂಗಳಲ್ಲಿ ಎದ್ದು ಬರುತ್ತವೆ. ನೆಲ ಅಗೆಯುವಾಗ ಬಿಳಿ ಮಣ್ಣು ಕಾಣಿಸಿತೋ, ಅಲ್ಲಿಗೆ ನಿಲ್ಲಿಸಿ. ಮುಚ್ಚಿ, ಬೇರೆ ಜಾಗ ನೋಡಿ.

ಅನುಮತಿಯ ವಿಷಯ. ಗುಡ್ಡೆ ಅಂದರೆ ಯಾರದ್ದೂ ಅಲ್ಲ ಅನ್ನುವ ಭಾವನೆ ನಮ್ಮಲ್ಲಿ ಇದೆ. ಅದು ತಪ್ಪು. ಒಂದೇ ಗುಡ್ಡೆಯಲ್ಲಿ ಒಬ್ಬರ ವರ್ಗ (ಪಟ್ಟಾ) ಜಾಗ, ಪಕ್ಕದಲ್ಲಿ ಕುಮ್ಕಿ, ಮೇಲೆ ಸರಕಾರಿ ಜಾಗ, ಆಚೆ ಗೇರು ಅಭಿವೃದ್ಧಿ ನಿಗಮದ ತೋಪು ಅಥವಾ ಮೀಸಲು ಅರಣ್ಯ ಇರಬಹುದು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ದಾರಿಯುದ್ದಕ್ಕೂ ನಡೆದು ನಂಬರ್‌ಗಳನ್ನು ಬರೆದುಕೊಳ್ಳಿ. ಪಹಣಿ ತೆಗೆಸಿದರೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಾಗುತ್ತದೆ. ಕುಮ್ಕಿಯ ಭೂಮಿ ಸರಕಾರದ್ದು, ಅಲ್ಲಿನ ಸೊಪ್ಪು ಕಟ್ಟಿಗೆಯ ಹಕ್ಕು ಪಕ್ಕದ ಕೃಷಿಕರದ್ದು. ಅವರನ್ನು ಬಿಟ್ಟು ಮುಂದೆ ಹೋಗಬೇಡಿ. ಗೇರು ತೋಪುಗಳ ಫಸಲು ಏಲಂ ಆಗಿರುತ್ತದೆ. ಫೆಬ್ರವರಿಯಿಂದ ಮೇವರೆಗೆ ಅಲ್ಲಿ ಕಾಲಿಡದಿರುವುದೇ ಸರಿ.

ಮೀಸಲು ಅರಣ್ಯದಲ್ಲಿ ನೆಲ ಅಗೆಯುವುದು, ಗಿಡ ಕಡಿಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಇರುವ ದಾರಿಯಲ್ಲಿ ಸೈಕಲ್ ಓಡಿಸುವುದಕ್ಕೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳ ಒಳಗಿನ ಕಾಡುದಾರಿಗಳನ್ನು ಮಾತ್ರ ಪೂರ್ತಿ ಮರೆತುಬಿಡಿ. ಅಲ್ಲಿ ಅನುಮತಿ ಇಲ್ಲದೆ ನಡೆಯುವುದಕ್ಕೂ ಅವಕಾಶ ಇಲ್ಲ.

ಕಾಗದದ ಅನುಮತಿಗಿಂತ ಊರವರ ಒಪ್ಪಿಗೆ ನನಗೆ ದೊಡ್ಡದು. ಈ ಆಟ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟಗಳಲ್ಲಿ. 1976ರಲ್ಲಿ ಅಲ್ಲಿ ರೀಪ್ಯಾಕ್ ಅನ್ನುವ ಇಳಿಜಾರು ಸ್ಪರ್ಧೆ ಶುರುವಾಯಿತು. ಇಳಿದು ಮುಗಿಸುವಾಗ ಹಬ್ ಬ್ರೇಕಿನ ಗ್ರೀಸ್ ಸುಟ್ಟು ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಅದರಿಂದ ಆ ಹೆಸರು. ಇಪ್ಪತ್ತೇ ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟನ್ ಬೈಕಿಂಗ್ ಬಂತು. ಆದರೆ ಹುಟ್ಟಿದ ಊರಿನಲ್ಲಿ ನಡೆಯುವವರ ಜೊತೆ ಜಗಳ ಬೆಳೆದು, ಅಲ್ಲಿನ ಹೆಚ್ಚಿನ ಕಿರುದಾರಿಗಳಿಗೆ ಸೈಕಲ್ ಬರಬಾರದು ಅಂತಾಯಿತು. ನಿಮ್ಮ ಗುಡ್ಡೆಯಲ್ಲೂ ಹಾಲಿನ ಡೇರಿಗೆ ಹೋಗುವವರು, ಶಾಲೆ ಮಕ್ಕಳು ನಡೆಯುತ್ತಾರೆ. ಎದುರು ಯಾರು ಬಂದರೂ ನೀವೇ ಇಳಿದು ನಿಲ್ಲಿ. ಸೈಕಲಿಗೆ ಒಂದು ಗಂಟೆ ಕಟ್ಟಿಕೊಳ್ಳಿ. ನಾಗಬನ, ದೈವಸ್ಥಾನ ಇದ್ದರೆ ದಾರಿಯನ್ನು ದೂರಕ್ಕೆ ಬಳಸಿ ಒಯ್ಯಿರಿ. ಬೇರೆ ದಾರಿಯೇ ಇಲ್ಲವಾದರೆ ಇಳಿದು ತಳ್ಳಿಕೊಂಡು ಹೋಗಿ.

ಇನ್ನು ಪಂಕ್ಚರ್. ಟ್ಯೂಬ್ ಬಿಚ್ಚಿ ನೋಡಿ. ಅಕ್ಕಪಕ್ಕ ಎರಡು ತೂತು ಇದ್ದರೆ ಗಾಳಿ ಕಡಿಮೆ ಇತ್ತು, ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡಿದೆ ಅಂತ ಅರ್ಥ. ಒಂದೇ ತೂತಾದರೆ ಮುಳ್ಳು ಅಥವಾ ಕಲ್ಲಿನ ಚೂರು. ಹಾಗಂತ ಅಂಗಡಿಯಲ್ಲಿ ಕಲ್ಲಿನ ಹಾಗೆ ಗಾಳಿ ಹಾಕಿಸಬೇಡಿ. ನೀವು ಎರಡು ಸಲ ಬಿದ್ದದ್ದಕ್ಕೂ ಅದೇ ಕಾರಣ ಇರಬಹುದು. ಗಟ್ಟಿ ಟಯರ್ ನೆಲ ಹಿಡಿಯುವುದಿಲ್ಲ, ಪುಟಿಯುತ್ತದೆ. 70 ಕಿಲೋ ತೂಕದವರಿಗೆ, 2.25ರಿಂದ 2.35 ಇಂಚಿನ ಟಯರಿಗೆ, ಟ್ಯೂಬ್ ಇದ್ದರೆ ಮುಂದೆ 26-28, ಹಿಂದೆ 28-30 ಪಿಎಸ್ಐಯಿಂದ ಶುರು ಮಾಡಿ. ಗಾಳಿ ಅಳೆಯುವ ಸಣ್ಣ ಗೇಜ್ ಒಂದು ಕೊಂಡುಕೊಳ್ಳಿ. ರಿಮ್ ಒಪ್ಪುವುದಾದರೆ ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ ಹಾಕಿಸಿ. ಆಗ ಗಾಳಿಯನ್ನು ಇನ್ನೂ ನಾಲ್ಕೈದು ಪಿಎಸ್ಐ ಇಳಿಸಬಹುದು. ಮುರಕಲ್ಲಿನ ಮೇಲೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಸೈಕಲ್ ಬದಲಿಸುವ ಯೋಚನೆ ಬೇಡ. ಮುಂದೆ 100 ಅಥವಾ 120 ಮಿಲಿಮೀಟರ್ ಸಸ್ಪೆನ್ಶನ್, ಡಿಸ್ಕ್ ಬ್ರೇಕ್ ಇದ್ದರೆ ನಿಮ್ಮ ಗುಡ್ಡೆಗೆ ಧಾರಾಳ.

ಜಾರುವುದರಲ್ಲೂ ಬೇರೆ ಬೇರೆ ಜಾತಿ. ಬೇಸಿಗೆಯಲ್ಲಿ ಗಟ್ಟಿ ಪದವಿನ ಮೇಲೆ ಉದುರಿ ಬಿದ್ದ ಮುರಕಲ್ಲಿನ ಹರಳು, ಗೋಲಿ ಚೆಲ್ಲಿದ ಹಾಗೆ ಇರುತ್ತದೆ. ಅಲ್ಲಿ ತಿರುಗುತ್ತಾ ಮುಂದಿನ ಬ್ರೇಕ್ ಹಿಡಿದರೆ ಬಿದ್ದಂತೆಯೇ. ವೇಗ ಇಳಿಸುವುದನ್ನು ತಿರುವಿಗೆ ಮೊದಲೇ ಮುಗಿಸಿ, ತಿರುವಿನಲ್ಲಿ ಬ್ರೇಕ್ ಬಿಟ್ಟುಬಿಡಿ. ಅಕೇಶಿಯಾ ತೋಪಿನಲ್ಲಿ ಒಣ ಎಲೆ ದಪ್ಪಕ್ಕೆ ಹಾಸಿರುತ್ತದೆ. ಅದು ಜಾರುವುದೂ ಹೌದು, ಕೆಳಗಿನ ಕಲ್ಲು ಕಾಣಿಸದಿರುವುದೂ ಹೌದು. ಆ ದಾರಿಯನ್ನು ಮೊದಲು ನಡೆದು ನೋಡಿ. ಮಳೆ ಶುರುವಾದ ಮೇಲೆ ಮುರಕಲ್ಲಿಗೆ ಪಾಚಿ ಹಿಡಿಯುತ್ತದೆ. ಅದರ ಮೇಲೆ ಯಾವ ಟಯರೂ ನಿಲ್ಲುವುದಿಲ್ಲ. ಕಾರ್ಕಳ, ಮೂಡುಬಿದಿರೆ ಕಡೆಯ ಕರಿಕಲ್ಲಿನ ಪಾದೆ ಬೇರೆಯೇ ಲೋಕ. 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟ ನಿಂತಿರುವುದು ಅಂಥ ಪಾದೆಯ ಮೇಲೆ. ಒಣಗಿದ ಪಾದೆ ಟಯರನ್ನು ಅಂಟಿನ ಹಾಗೆ ಹಿಡಿಯುತ್ತದೆ. ಆದರೆ ನೀರು ಇಳಿದ ಕಪ್ಪು ಗೆರೆಗಳ ಮೇಲೆ, ಒದ್ದೆ ಇದ್ದರೆ, ಚಕ್ರ ಇಡಬೇಡಿ.

ಇಳಿಯುವಾಗ ಸೀಟು ತಗ್ಗಿಸಿ. ಎರಡು ಪೆಡಲ್ ಸಮಕ್ಕೆ, ಹಿಮ್ಮಡಿ ಕೆಳಗೆ, ಮೊಣಕೈ ಸಡಿಲ. ಬ್ರೇಕ್ ಮೇಲೆ ಒಂದೇ ಬೆರಳು. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ನಾಲ್ಕೈದು ಮೀಟರ್ ಮುಂದಿರಲಿ. ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಇರುವುದು ಬಿಟ್ಟುಹೋದ ಕಲ್ಲಿನ ಕೋರೆಗಳದ್ದು. ಪದವಿನ ಮೇಲೆ ಮುಳಿಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ. ಅದರ ನಡುವೆ ನೆಟ್ಟಗೆ ಕಡಿದ ಕೋರೆ, ಎರಡಾಳು ಮೂರಾಳು ಆಳ. ಬೇಲಿ ಇಲ್ಲ, ಗುರುತಿಲ್ಲ. ಮಳೆಗಾಲದಲ್ಲಿ ನೀರು ತುಂಬಿ ನಿಂತಿರುತ್ತದೆ. ಸೈಕಲಿನ ವೇಗದಲ್ಲಿ ಅಂಚು ಕಾಣುವಾಗ ತಡವಾಗಿರುತ್ತದೆ. ಪದವಿನಲ್ಲಿ ದಾರಿ ಬಿಟ್ಟು ಹುಲ್ಲಿಗೆ ಚಕ್ರ ಇಳಿಸುವ ಚಾಳಿ ಬೇಡವೇ ಬೇಡ. ನಿಮ್ಮ ಗುಡ್ಡೆಯ ಎಲ್ಲ ಕೋರೆಗಳನ್ನೂ ಬೇಸಿಗೆಯಲ್ಲಿ ನಡೆದು ನೋಡಿ. ದಾರಿಗೆ ಹತ್ತಿರ ಇರುವ ಕಡೆ ಜಾಗದವರಿಗೆ ಹೇಳಿ ಮುಳ್ಳಿನ ಬೇಲಿ ಹಾಕಿ. ಆ ಬೇಲಿ ದನಗಳಿಗೂ, ಆಡುವ ಮಕ್ಕಳಿಗೂ ಆಗುತ್ತದೆ.

ಹಂದಿಗೆ ಇಟ್ಟ ತಂತಿಯ ಉರುಳು ತೋಟದ ಅಂಚಿನಲ್ಲಿ ಇರಬಹುದು. ಅದು ಕಾನೂನಿಗೆ ವಿರುದ್ಧ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಸಂಜೆ ಆರಕ್ಕೆ ಮೊದಲು ಗುಡ್ಡೆ ಇಳಿದಿರಿ. ಚಿರತೆ, ಹಂದಿ ಓಡಾಡುವ ಹೊತ್ತು ಅದು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಅಲುಗಾಡದೆ ಕೂತು 108ಕ್ಕೆ ಫೋನ್ ಮಾಡಿ. ಅದಕ್ಕಾಗಿಯೇ ಒಬ್ಬರೇ ಹೋಗಬಾರದು. ಘಟ್ಟದ ಬುಡದ ಕಾಡಿನ ಕಡೆ ಹೋಗುವುದಾದರೆ ಡಿಸೆಂಬರ್‌ನಿಂದ ಮೇವರೆಗೆ ರಕ್ತ ಹೀರುವ ಉಣ್ಣೆ ಹುಳದ ಬಗ್ಗೆ ಎಚ್ಚರ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಕಾಲು ಪೂರ್ತಿ ಮುಚ್ಚುವ ಬಟ್ಟೆ ಹಾಕಿ, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ.

ಯಾವಾಗ ಓಡಿಸಬೇಕು ಅನ್ನುವುದಕ್ಕೆ ಕ್ಯಾಲೆಂಡರ್ ನಮ್ಮಲ್ಲೇ ಇದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನದ ಆಟ, ದೈವದ ಕೋಲ ಎಲ್ಲ ನಿಲ್ಲುತ್ತದೆ. ಗುಡ್ಡೆಯ ಸೈಕಲೂ ಅಲ್ಲಿಗೆ ನಿಲ್ಲಲಿ. ದೀಪಾವಳಿವರೆಗೆ ಒದ್ದೆ ದಾರಿಯಲ್ಲಿ ಚಕ್ರ ಎಳೆದರೆ ಬೀಳುವ ಗೆರೆಯೇ ಮುಂದಿನ ಮಳೆಗೆ ಕಣಿ. ಆ ನಾಲ್ಕೈದು ತಿಂಗಳು ಪದವಿನ ಮೇಲೆ ಸಣ್ಣ ಸಣ್ಣ ಹೂವು ಅರಳುತ್ತದೆ, ಟಿಟ್ಟಿಭ ನೆಲದಲ್ಲೇ ಮೊಟ್ಟೆ ಇಟ್ಟಿರುತ್ತದೆ. ಅವಕ್ಕೂ ಜಾಗ ಬೇಕು. ನೀವು ಆಗ ಸೈಕಲಿನ ಕೆಲಸ ನೋಡಿಕೊಳ್ಳಿ. ಕೆಂಪು ಮಣ್ಣು ಎಣ್ಣೆಯ ಜೊತೆ ಸೇರಿ ಚೈನನ್ನು ಅರದ ಹಾಗೆ ಸವೆಸುತ್ತದೆ, ಕಡಲ ಗಾಳಿ ತುಕ್ಕು ಹಿಡಿಸುತ್ತದೆ. ತೊಳೆದು, ಒರೆಸಿ, ಎಣ್ಣೆ ಹಾಕಿ ಒಳಗಿಡಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಬೇರಿಂಗ್ ಕಡೆಗೆ ಹೊಡೆಸಬೇಡಿ.

ಮತ್ತೆ ಒಂದು ಕೆಲಸ ಮಳೆಗಾಲದಲ್ಲೇ ಆಗಬೇಕು. ಜುಲೈಯಲ್ಲಿ ಜೋರು ಮಳೆ ಬರುವ ಒಂದು ದಿನ, ನಾಲ್ಕೂ ಜನ ಕೊಡೆ ಹಿಡಿದು ಆ ಹಳೆ ದಾರಿಯಲ್ಲಿ ಮೇಲಿನಿಂದ ಕೆಳಗೆ ನಡೆಯಿರಿ. ನೀರು ಎಲ್ಲಿ ದಾರಿಗೆ ಸೇರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಎಲ್ಲಿ ಬೆಳ್ಳಗೆ ಕಲಕಿ ಹರಿಯುತ್ತದೆ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಬುಡದವರೆಗೂ ಹೋಗಿ ಕೆಳಗಿನ ಗದ್ದೆಯವರನ್ನು ಮಾತನಾಡಿಸಿ. ದೀಪಾವಳಿ ಕಳೆದು, ಮಣ್ಣಿನಲ್ಲಿ ಇನ್ನೂ ಪಸೆ ಇರುವಾಗ ಅಷ್ಟು ಜಾಗಗಳಲ್ಲಿ ಮಾತ್ರ ಹಾರೆ ಹಾಕಿ. ಜನವರಿಗೆ ನೆಲ ಕಲ್ಲಾಗುತ್ತದೆ, ಅಷ್ಟರೊಳಗೆ ಮುಗಿಸಿ.